ಹತ್ತಿ ಇಳಿಯುವ ಸುಖ

ಕಾರಿನ ಸುಖವನ್ನು ಅದು ಓಡುತ್ತಿರುವಾಗಿನ ಗುಣಗಳಿಂದ, ಎಂದರೆ ಎಂಜಿನ್ನಿನ ಶಕ್ತಿ, ಎ.ಸಿ.ಯ ತಂಪು, ಸದ್ದಿಲ್ಲದ ಓಟ ಇವುಗಳಿಂದ ಅಳೆಯುವುದು ರೂಢಿಯಲ್ಲಿದೆ. ಎಪ್ಪತ್ತು ದಾಟಿದ ತಂದೆಗೋ ತಾಯಿಗೋ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಆರಿಸುವಾಗ ಈ ಅಳತೆಗೋಲು ಸಾಲುವುದಿಲ್ಲ. ಏಕೆಂದರೆ ಆ ವಯಸ್ಸಿನ ಮಂಡಿ, ಸೊಂಟ ಮತ್ತು ಕುತ್ತಿಗೆಗಳಿಗೆ ನಿಜವಾದ ಪರೀಕ್ಷೆ ಎದುರಾಗುವುದು ಕಾರು ನಿಂತಿರುವಾಗ, ತಲೆ ತಗ್ಗಿಸಿ ಒಳಗೆ ಕೂರುವ ಹಾಗೂ ಒಂದು ಗಂಟೆಯ ಪ್ರಯಾಣದ ಬಳಿಕ ಎದ್ದು ಹೊರಬರುವ ಆ ಎರಡು ಗಳಿಗೆಗಳಲ್ಲಿ. ಈ ಎರಡರಲ್ಲಿಯೂ ಇಳಿಯುವುದೇ ಹೆಚ್ಚು ಕಷ್ಟದ್ದು. ಕೂರುವಾಗ ದೇಹದ ಭಾರ ತಾನಾಗಿ ಕೆಳಗಿಳಿಯುತ್ತದೆ, ಏಳುವಾಗ ಅದೇ ಭಾರವನ್ನು ಸವೆದ ಮಂಡಿ ಮೇಲಕ್ಕೆತ್ತಬೇಕಾಗುತ್ತದೆ. ಆದ್ದರಿಂದ ಹಿರಿಯರಿಗೆ ಯಾವ ಕಾರು ಒಳ್ಳೆಯದೆಂಬ ಪ್ರಶ್ನೆಯನ್ನು, ಯಾವ ಕಾರಿನಿಂದ ಅವರು ಇನ್ನೊಬ್ಬರ ಕೈ ಹಿಡಿಯದೆ ಇಳಿಯಬಲ್ಲರು ಎಂದು ಕೇಳಿಕೊಳ್ಳುವುದೇ ಸರಿಯಾದ ಆರಂಭ.

ಎಂಜಿನ್ನಿಗೊಂದು, ಜನರಿಗೊಂದು, ಸಾಮಾನಿಗೊಂದು ಎಂದು ಮೂರು ಪ್ರತ್ಯೇಕ ಭಾಗಗಳಿರುವ ಕಾರಿಗೆ ಸೆಡಾನ್ ಎನ್ನುತ್ತಾರೆ. ಮೂರನೆಯ ಭಾಗವೇ ಎಲ್ಲರೂ ಡಿಕ್ಕಿ ಎಂದು ಕರೆಯುವುದು. ಎತ್ತರದ ಎಸ್‌ಯುವಿಗಳಿಗೆ ಮಾರುಕಟ್ಟೆ ಒಲಿದಿರುವ ಈ ದಿನಗಳಲ್ಲಿಯೂ ಹಿರಿಯರ ಪಾಲಿಗೆ ಸೆಡಾನಿನ ಬೆಲೆ ಕುಂದಿಲ್ಲ. ಅದರ ಮೈ ನೆಲಕ್ಕೆ ಹತ್ತಿರವಿರುವುದರಿಂದ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಂಥ ಕಡೆ ದೇಹ ಅತ್ತಿತ್ತ ವಾಲುವುದು ಕಡಿಮೆ, ತಲೆ ಸುತ್ತುವುದೂ ಕಡಿಮೆ. ಒಳಗಿನ ನೆಲ ತಗ್ಗಿನಲ್ಲಿರುವುದರಿಂದ ಸೀರೆಯುಟ್ಟವರು ಕಾಲನ್ನು ಎತ್ತರಕ್ಕೆ ಎತ್ತಬೇಕಾಗಿಲ್ಲ. ಆದರೆ ಇದೇ ತಗ್ಗು ಅತಿಯಾದರೆ ದೋಷವಾಗುತ್ತದೆ. ಆಸನ ನೆಲಕ್ಕೆ ತೀರ ಹತ್ತಿರವಿದ್ದರೆ ಕೂರುವುದು ಬಾವಿಗಿಳಿದಂತೆಯೂ ಏಳುವುದು ಬಾವಿಯಿಂದ ಹತ್ತಿದಂತೆಯೂ ಆಗುತ್ತದೆ.

ಇಂದು ಎಪ್ಪತ್ತು, ಎಂಬತ್ತರ ಪ್ರಾಯದಲ್ಲಿರುವ ಅನೇಕರ ದೇಹಕ್ಕೆ ಕಾರಿನ ಸುಖವೆಂದರೇನೆಂದು ಕಲಿಸಿದ್ದು ಅಂಬಾಸಡರ್. ಹಿಂದೂಸ್ತಾನ್ ಮೋಟರ್ಸ್ ಕಂಪನಿಯು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಈ ಕಾರಿನಲ್ಲಿ ಮಾಡು ಎತ್ತರದಲ್ಲಿತ್ತು, ಹಿಂದಿನ ಆಸನ ಸೋಫಾದಂತೆ ಅಗಲವಾಗಿತ್ತು, ಕುಳಿತವರು ಕಾಲು ಚಾಚದೆ ಮನೆಯ ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರಬಹುದಾಗಿತ್ತು. ಮುಂದೆ ಬಂದ ಸೆಡಾನುಗಳು ಗಾಳಿಯನ್ನು ಸೀಳಿಕೊಂಡು ಸಾಗಲೆಂದು ಮಾಡನ್ನು ತಗ್ಗಿಸಿ ಹಿಂಬದಿಗೆ ಇಳಿಜಾರು ಮಾಡಿಕೊಂಡವು. ಇದರಿಂದ ಇಂಧನ ಉಳಿಯಿತು, ನೋಟಕ್ಕೂ ಚೆಲುವು ಬಂತು, ಆದರೆ ಹಿಂಬಾಗಿಲಿನಿಂದ ಒಳಹೋಗುವವರ ಹಣೆಗೂ ಮಾಡಿನ ಅಂಚಿಗೂ ನಡುವಿನ ಅಂತರ ಕಿರಿದಾಯಿತು. ಹೊಸ ಕಾರಿನಲ್ಲಿ ಕೂತ ಹಿರಿಯರು ಹಳೆಯ ಕಾರನ್ನು ನೆನೆದರೆ ಅದು ಬರಿಯ ಹಳಹಳಿಕೆಯಲ್ಲ, ದೇಹ ಕೊಡುವ ಸಾಕ್ಷ್ಯವೂ ಹೌದು.

ಈ ಸಾಕ್ಷ್ಯವನ್ನು ಅಳತೆಗೆ ತರಲು ಒಂದು ಟೇಪು ಸಾಕು. ಪ್ರತಿ ಮನೆಯಲ್ಲಿಯೂ ಹಿರಿಯರು ಕೈಯೂರದೆ ಎದ್ದು ನಿಲ್ಲಬಲ್ಲ ಒಂದು ಕುರ್ಚಿ ಇರುತ್ತದೆ. ನೆಲದಿಂದ ಅದರ ಆಸನದವರೆಗಿನ ಎತ್ತರವನ್ನು ಅಳೆದು ಬರೆದುಕೊಂಡರೆ ಕಾರು ನೋಡಲು ಹೋಗುವಾಗ ಜೊತೆಗೊಯ್ಯಬೇಕಾದ ಮೊದಲ ಅಂಕಿ ಸಿಕ್ಕಂತೆ. ಊಟದ ಮೇಜಿನ ಕುರ್ಚಿಗೆ ಇದು ಸುಮಾರು 45 ಸೆಂಟಿಮೀಟರ್ ಇರುತ್ತದೆ. ಕಾರಿನ ಬಾಗಿಲು ತೆರೆದು, ನೆಲದಿಂದ ಆಸನದ ಹೊರ ಅಂಚಿನವರೆಗೆ ಅದೇ ಟೇಪನ್ನು ಹಿಡಿದಾಗ ಎರಡು ಅಂಕಿಗಳೂ ಹತ್ತಿರ ಹತ್ತಿರ ಬರಬೇಕು, ಕಾರಿನದು ತುಸು ಹೆಚ್ಚಾದರೂ ಸರಿ, ಕಡಿಮೆಯಂತೂ ಆಗಬಾರದು. ಮೆತ್ತೆ ಒತ್ತಿದಾಗ ಎಷ್ಟು ಕುಸಿಯುತ್ತದೆಂಬುದನ್ನೂ ನೋಡಬೇಕು. ಅಂಗಡಿಯಲ್ಲಿ ಹಿತವೆನಿಸುವ ಮೆತ್ತನೆಯ ಆಸನವೇ ಏಳುವ ಹೊತ್ತಿಗೆ ದೇಹವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾದ ತಾಯಿಯೊಬ್ಬರು ಕಾರು ಹತ್ತುವ ಬಗೆಯನ್ನು ಹತ್ತಿರದಿಂದ ಗಮನಿಸಿದರೆ ಇನ್ನೂ ಹಲವು ಸಂಗತಿಗಳು ತಿಳಿಯುತ್ತವೆ. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಅವರು ಕಾರಿಗೆ ಬೆನ್ನು ಮಾಡಿ ನಿಂತು, ಒಂದು ಕೈಯಿಂದ ಆಸನವನ್ನು ತಡವಿ, ಮೊದಲು ಅಂಚಿನಲ್ಲಿ ಕೂತು, ಸೆರಗನ್ನು ಮಡಿಲಿಗೆ ಎಳೆದುಕೊಂಡು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸುತ್ತಾರೆ. ಈ ಒಂದು ಚಲನೆಗೆ ಬಾಗಿಲು ಅಗಲವಾಗಿ ತೆರೆದುಕೊಳ್ಳಬೇಕು, ಹೊಸ್ತಿಲಿನಂತಿರುವ ಕೆಳಗಿನ ಪಟ್ಟಿ ದಪ್ಪವಾಗಿರಬಾರದು, ಆಸನದ ಹೊದಿಕೆ ತಿರುಗಲು ಬಿಡುವಷ್ಟು ನುಣುಪಾಗಿದ್ದರೂ ಜಾರಿಸುವಂತಿರಬಾರದು, ಬಾಗಿಲಿನ ಮೇಲಿನ ಹಿಡಿಕೆ ಕೈಗೆಟುಕಬೇಕು. ಹೆಚ್ಚಿನ ಸೆಡಾನುಗಳಲ್ಲಿ ಮುಂಬಾಗಿಲು ಹಿಂಬಾಗಿಲಿಗಿಂತ ಉದ್ದವಾಗಿರುವುದರಿಂದ ಇಂಥವರಿಗೆ ಚಾಲಕನ ಪಕ್ಕದ ಆಸನವೇ ಹಿತ. ಹಿಂದೆಯೇ ಕೂರಬಯಸುವವರಿಗೆ ವೀಲ್‌ಬೇಸ್, ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ನಡುವಿನ ಅಂತರ, ಮುಖ್ಯವಾಗುತ್ತದೆ. ತೆರಿಗೆ ರಿಯಾಯಿತಿಗಾಗಿ ನಾಲ್ಕು ಮೀಟರಿನೊಳಗೆ ಅಡಕವಾದ 2017ರ ಡಿಜೈರ್ ಸೆಡಾನಿನಲ್ಲಿ ಇದು 2450 ಮಿಲಿಮೀಟರ್ ಇದ್ದರೆ ಸಿಯಾಜ್ ಸೆಡಾನಿನಲ್ಲಿ 2650 ಮಿಲಿಮೀಟರ್ ಇದೆ. ಈ 20 ಸೆಂಟಿಮೀಟರಿನ ಬಹುಪಾಲು ಹಿಂದೆ ಕೂತವರ ಮಂಡಿಗೆ ದೊರೆಯುತ್ತದೆ.

ಓಟದ ಸುಖ ಚಕ್ರದಿಂದಲೇ ಆರಂಭವಾಗುತ್ತದೆ. ಟೈರಿನ ಪಕ್ಕದಲ್ಲಿ 185/65 ಆರ್15 ಎಂದು ಬರೆದಿದ್ದರೆ ಅದರ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 65, ಒಳಗಿನ ರಿಮ್ಮಿನ ಅಳತೆ 15 ಇಂಚು ಎಂದು ಅರ್ಥ. ಸಿಯಾಜ್‌ನ ಕೆಳದರ್ಜೆಯ ಮಾದರಿಗಳಿಗೆ ಈ ಟೈರನ್ನೂ ಅತಿ ದುಬಾರಿ ಮಾದರಿಗೆ 195/55 ಆರ್16 ಟೈರನ್ನೂ ಕೊಡಲಾಗಿತ್ತು. ಲೆಕ್ಕ ಹಾಕಿದರೆ ಮೊದಲನೆಯದರ ಗೋಡೆ ಸುಮಾರು 120 ಮಿಲಿಮೀಟರ್, ಎರಡನೆಯದರದು ಸುಮಾರು 107. ರಸ್ತೆಯ ಗುಂಡಿಗೂ ಬೆನ್ನುಮೂಳೆಗೂ ನಡುವಿರುವ ಮೊದಲ ಮೆತ್ತೆ ಈ ರಬ್ಬರಿನ ಗೋಡೆಯೇ ಆದುದರಿಂದ, ಕಡಿಮೆ ಬೆಲೆಯ ಮಾದರಿಯೇ ಹಿರಿಯರ ಬೆನ್ನಿಗೆ ಹೆಚ್ಚು ಹಿತವಾಗಿರುವ ಸಾಧ್ಯತೆ ಉಂಟು.

ಕಾರನ್ನು ಓಡಿಸುವವರೂ ಹಿರಿಯರೇ ಆಗಿದ್ದರೆ ಎಡಗಾಲನ್ನು ಕ್ಲಚ್ಚಿನ ದುಡಿಮೆಯಿಂದ ಬಿಡಿಸುವ ಆಟೊಮ್ಯಾಟಿಕ್ ಗೇರು ದೊಡ್ಡ ಉಪಕಾರ. ಅದರಲ್ಲಿಯೂ ಬಗೆಗಳಿವೆ. ಸಾಮಾನ್ಯ ಗೇರುಪೆಟ್ಟಿಗೆಗೆ ಯಂತ್ರದ ಕೈ ಜೋಡಿಸಿದಂತಿರುವ ಎಎಂಟಿ ಅಗ್ಗವಾದರೂ ಗೇರು ಬದಲಾಗುವಾಗ ತಲೆ ತುಸು ಮುಂದಕ್ಕೆ ತೂಗುತ್ತದೆ. ಎಣ್ಣೆಯ ಮೂಲಕ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಹಾಗೂ ಹಿಗ್ಗಿ ಕುಗ್ಗುವ ರಾಟೆಗಳ ಮೇಲೆ ಬೆಲ್ಟನ್ನು ಓಡಿಸುವ ಸಿವಿಟಿ ಎರಡೂ ಕುತ್ತಿಗೆಗೆ ಮೃದು. ಸಿಯಾಜ್‌ಗೆ ಟಾರ್ಕ್ ಕನ್ವರ್ಟರನ್ನೂ ಹೋಂಡಾ ಸಿಟಿಗೆ ಸಿವಿಟಿಯನ್ನೂ ಅಳವಡಿಸಲಾಗಿದೆ. ಇಂಧನದ ವಿಷಯದಲ್ಲಿ, ದೇವಸ್ಥಾನ, ದವಾಖಾನೆ, ತರಕಾರಿ ಮಾರುಕಟ್ಟೆ ಎಂದು ಹತ್ತಿರದಲ್ಲಿಯೇ ಸುತ್ತುವ ಕಾರಿಗೆ ಪೆಟ್ರೋಲೇ ಒಪ್ಪುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್6 ನಿಯಮಕ್ಕಾಗಿ ಡೀಸೆಲ್ ಕಾರುಗಳಿಗೆ ಅಳವಡಿಸಿದ ಮಸಿ ಹಿಡಿಯುವ ಶೋಧಕ ಸ್ವಚ್ಛವಾಗಲು ಆಗಾಗ ದೂರದ ಓಟ ಬೇಕಾಗುತ್ತದೆ. ಸಿಎನ್‌ಜಿ ಸಿಲಿಂಡರು ಡಿಕ್ಕಿಯನ್ನು ತುಂಬಿಕೊಂಡರೆ, ಮುಂದೊಂದು ದಿನ ಮಡಿಚುವ ಗಾಲಿಕುರ್ಚಿಯನ್ನು ಇಡಲು ಜಾಗವಿರುವುದಿಲ್ಲ.

ಎಷ್ಟು ಹಳೆಯ ಕಾರಿನವರೆಗೆ ಹೋಗಬಹುದೆಂಬುದಕ್ಕೆ 2019 ಒಂದು ಒಳ್ಳೆಯ ಗೆರೆ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಆ ವರ್ಷದ ಏಪ್ರಿಲ್‌ನಿಂದಲೂ, ಚಾಲಕನ ಏರ್‌ಬ್ಯಾಗ್ ಮತ್ತು ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಪಾರ್ಕಿಂಗ್ ಸೆನ್ಸರುಗಳು ಜುಲೈನಿಂದಲೂ ಹೊಸ ಕಾರುಗಳಿಗೆ ಕಡ್ಡಾಯವಾದವು. ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಲಾಗದವರಿಗೆ ಈ ಕೊನೆಯದು ಸಣ್ಣ ಸಹಾಯವಲ್ಲ.

ಕಡಿಮೆ ಓಡಿದೆ ಎಂಬ ಮಾತೊಂದೇ ಕಾರಿನ ಯೋಗ್ಯತೆಯಲ್ಲ. ನಿಂತಲ್ಲೇ ನಿಂತ ಕಾರಿನ ಟೈರು ಸವೆಯದಿದ್ದರೂ ರಬ್ಬರು ಒಣಗಿ ಗಡುಸಾಗುತ್ತದೆ. ಅದರ ಪಕ್ಕದಲ್ಲಿರುವ 2319 ಎಂಬಂಥ ನಾಲ್ಕು ಅಂಕಿಗಳು 2019ರ 23ನೆಯ ವಾರದಲ್ಲಿ ತಯಾರಾದದ್ದೆಂದು ತಿಳಿಸುತ್ತವೆ. ನೆರೆನೀರಿನಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದು ಹೊಳಪೇರಿಸಿದ್ದರೂ ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಾಣಿಸಬಹುದು, ಆಸನದ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು ಉಳಿದಿರಬಹುದು. ರಸ್ತೆಯ ಹಂಪುಗಳ ಮೇಲೆ ನಿಧಾನವಾಗಿ ಓಡಿಸಿದಾಗ ಟಕ್ ಟಕ್ ಎಂಬ ಸದ್ದು ಕೇಳಿದರೆ ಶಾಕ್ ಅಬ್ಸಾರ್ಬರೋ ರಬ್ಬರಿನ ಬುಷ್ಷುಗಳೋ ಸವೆದಿರುವ ಶಂಕೆ ಉಂಟು. ಅವನ್ನು ಬದಲಿಸುವ ಖರ್ಚನ್ನು ಬೆಲೆಯೊಳಗೇ ಎಣಿಸಬೇಕು. ಕಾಗದಪತ್ರಗಳ ಕೆಲಸ ನೇರವಾದದ್ದು: ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ ಕಾರಾದರೆ ಫಾರಂ 35, ಜೊತೆಗೆ ವಿಮೆಯನ್ನು ಹೊಸ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ.

ಇಷ್ಟೆಲ್ಲ ತಿಳಿದ ಮಕ್ಕಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಕಾರನ್ನು ತಾವೇ ನೋಡಿ, ತಾವೇ ಓಡಿಸಿ, ಮನೆಯ ಮುಂದೆ ತಂದು ನಿಲ್ಲಿಸಿ ಕೀಲಿಕೈ ಕೊಡುತ್ತಾರೆ. ಇದರಲ್ಲಿ ಪ್ರೀತಿ ಇದೆ, ಆದರೆ ಕೇಳುವ ವ್ಯವಧಾನವಿಲ್ಲ. ಇಂಥ ಉಡುಗೊರೆಯಲ್ಲಿ ಏನಾದರೂ ತೊಂದರೆಯಿದ್ದರೂ ಅಪ್ಪ ಅಮ್ಮ ಹೇಳುವುದಿಲ್ಲ. ಮಗನೋ ಮಗಳೋ ಹಣ ಹಾಕಿ ತಂದದ್ದೆಂದು ಚೆನ್ನಾಗಿದೆ ಅಂದುಬಿಡುತ್ತಾರೆ, ಆಮೇಲೆ ಮಂಡಿನೋವಿನ ನೆಪ ಹೇಳಿ ಹೊರಗೆ ಹೋಗುವುದನ್ನೇ ಕಡಿಮೆ ಮಾಡುತ್ತಾರೆ. ಆದ್ದರಿಂದ ಕಾರು ನೋಡಲು ಅವರನ್ನೇ ಕರೆದೊಯ್ಯಬೇಕು, ಅವರು ದಿನವೂ ಧರಿಸುವ ಬಟ್ಟೆ ಚಪ್ಪಲಿಗಳಲ್ಲಿಯೇ ಕೂತು ನೋಡಬೇಕು, ಅರ್ಧ ಗಂಟೆಯಾದರೂ ಪ್ರಯಾಣಿಸಬೇಕು. ಇಳಿಯುವ ಹೊತ್ತಿಗೆ ಮಕ್ಕಳು ಕೈ ಚಾಚದೆ ಎರಡು ಹೆಜ್ಜೆ ದೂರ ನಿಂತು, ಅವರ ಮುಖವನ್ನು ನೋಡಬೇಕು. ಬಾಗಿಲಿನ ಚೌಕಟ್ಟನ್ನು ಹಿಡಿದು, ಮನೆಯ ಆ ಕುರ್ಚಿಯಿಂದ ಏಳುವಷ್ಟೇ ಸಲೀಸಾಗಿ ಎದ್ದು, ಸೆರಗು ಸರಿಪಡಿಸಿಕೊಂಡು, ಇನ್ನೊಂದು ಸುತ್ತು ಹೋಗಿ ಬರೋಣವೇ ಎಂದು ತಾಯಿ ಕೇಳಿದರೆ, ಆರಿಸಬೇಕಾದ ಕಾರು ಅದೇ.