ದ್ರಾಕ್ಷಿಬಳ್ಳಿಯ ಹೊಸ ಪಾಠ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ ಬೋನ್ ಎಂಬುದೊಂದು ಸಣ್ಣ ಪಟ್ಟಣ. ಅಲ್ಲಿ ದ್ರಾಕ್ಷಿಯ ಕೊಯ್ಲು ಪ್ರತಿವರ್ಷ ಯಾವ ದಿನ ಆರಂಭವಾಯಿತೆಂಬುದನ್ನು 1354ರಿಂದ 2018ರವರೆಗೆ ಲೆಕ್ಕ ಹಾಕಿ ವಿದ್ವಾಂಸರು 2019ರಲ್ಲಿ ಪ್ರಕಟಿಸಿದರು. 1336ರಲ್ಲಿ ವಿಜಯನಗರದ ಸ್ಥಾಪನೆಯಾಯಿತೆಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ನಮಗೆ, ಅದಾಗಿ ಹದಿನೆಂಟೇ ವರ್ಷಕ್ಕೆ ಈ ಲೆಕ್ಕವು ಮೊದಲಾಗುತ್ತದೆಂಬುದು ಸೋಜಿಗವೆನಿಸಿತು. ಇದನ್ನು ಹವೆಯ ಇತಿಹಾಸವೆಂದು ಯಾರೂ ಬರೆದಿಡಲಿಲ್ಲ. ಚರ್ಚಿನ ಕಾರಕೂನನು ಕೊಯ್ಲಿನ ಆಳುಗಳಿಗೆ ಕೂಲಿ ಕೊಟ್ಟುದನ್ನು ಖರ್ಚಿನ ವಹಿಯಲ್ಲಿ ಬರೆದುಕೊಂಡನು. ಪಟ್ಟಣದ ಸಭೆಯವರು ಕೊಯ್ಲಿನ ವಿಷಯವನ್ನು ತಮ್ಮ ನಡಾವಳಿಯಲ್ಲಿ ದಾಖಲಿಸಿದರು. ಮಠದ ಹಳೆಯ ಕಡತಗಳ ಧೂಳಿನಲ್ಲಿ ಕಣ್ಣು ಕೆಡಿಸಿಕೊಂಡ ನಮ್ಮಂಥವರಿಗೆ ಆ ಹೆಸರಿಲ್ಲದ ಕಾರಕೂನನ ಮೇಲೆ ತಾನಾಗಿಯೇ ಗೌರವ ಹುಟ್ಟುತ್ತದೆ.

ಆ ವಹಿಗಳು ಹೇಳುವುದಿಷ್ಟು: 1987ರವರೆಗೆ ಬೋನಿನಲ್ಲಿ ಕೊಯ್ಲು ಸರಾಸರಿ ಸೆಪ್ಟೆಂಬರ್ 28ರ ಸುಮಾರಿಗೆ ಆರಂಭವಾಗುತ್ತಿತ್ತು. 1988ರಿಂದೀಚೆಗೆ ಅದು ಸರಾಸರಿ 13 ದಿನ ಮುಂಚಿತವಾಗಿದೆ. ಬಿಸಿಲು ಹೆಚ್ಚಿದ ವರ್ಷಗಳು ಹಿಂದೆಯೂ ಬಂದು ಹೋಗಿವೆ. ಆದರೆ ಅಂದು ಅಪವಾದವಾಗಿದ್ದುದು ಇಂದು ವಾಡಿಕೆಯಾಗಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಮಾನವನು ಗಾಳಿಯನ್ನು ಕಾಯಿಸಿರುವ ಕಥೆಯನ್ನು ವಾಚಕರು ಬಲ್ಲರು. ಆ ಕಥೆಯನ್ನು ಬಳ್ಳಿಯೊಂದು ತನ್ನ ಭಾಷೆಯಲ್ಲಿ ಹೇಳಿರುವುದು ಇಲ್ಲಿ ಕಾಣುತ್ತದೆ.

ಈ ಲೆಕ್ಕವು ನಮ್ಮ ಕಣ್ಣಿಗೆ ಬಿದ್ದುದು ಒಬ್ಬ ವಿದ್ಯಾರ್ಥಿಯ ಪಾಠದ ಟಿಪ್ಪಣಿಯಲ್ಲಿ. ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಿಗರ ಮನೆತನವೊಂದು ನಮಗೆ ಮೂರು ತಲೆಮಾರಿನಿಂದ ಪರಿಚಿತವಾದುದು. ಆ ಮನೆಯ ಹುಡುಗ ತೋಟಗಾರಿಕೆಯ ಪದವಿ ಮುಗಿಸಿ, ಫ್ರಾನ್ಸಿನ ಮೋಂಪೆಲಿಯೇ ನಗರದ ಕೃಷಿ ವಿದ್ಯಾಲಯದಲ್ಲಿ ದ್ರಾಕ್ಷಿ ಮತ್ತು ವೈನ್ ಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಆಯ್ಕೆಯಾದನು. ಮನೆಯವರಿಗೆ ಹರ್ಷವೂ ಆಯಿತು, ಸಂಕಟವೂ ಆಯಿತು. ತಂದೆ ತಾಯಿ ಇಬ್ಬರೂ ನಮ್ಮಲ್ಲಿಗೆ ಬಂದರು.

“ಗುರುಗಳೆ, ನಮ್ಮ ಮನ್ಯಾಗ ಯಾರೂ ಅದನ್ನ ಮುಟ್ಟಿದವರಲ್ಲ. ಈಗ ಮಗಾ ಅದನ್ನ ಮಾಡೂದು ಕಲಿಯಾಕ ಹೊಂಟಾನ. ಕಳಸಬೇಕೋ ಬ್ಯಾಡೋ ನೀವ ಹೇಳ್ರಿ” ಎಂದರು ತಂದೆ. ತಾಯಿಯ ಪ್ರಶ್ನೆ ಇನ್ನೂ ಹರಿತವಾಗಿತ್ತು: “ಅಲ್ಲಿ ಅದನ್ನ ಬಾಯಾಗ ಹಾಕ್ಕೊಳ್ಳದ ಪಾಸ್ ಆಗಾಕ ಬರತೈತೇನ್ರಿ?” ಹುಡುಗನು, “ಯವ್ವಾ, ರುಚಿ ನೋಡಿ ಎಲ್ಲಾರೂ ಉಗುಳತಾರ, ಉಗುಳಾಕಂತನ ಬ್ಯಾರೆ ಭಾಂಡೆ ಇಟ್ಟಿರತಾರ” ಎಂದನು. ಅದು ನಿಜವಾದ ಸಂಗತಿಯೇ. ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಆಯುರ್ವೇದದ ದ್ರಾಕ್ಷಾರಿಷ್ಟದ ಸೀಸೆಯೊಂದು ಆ ಮನೆಯ ಕಪಾಟಿನಲ್ಲಿಯೇ ಇರುವುದನ್ನು ನಾವು ಬಲ್ಲೆವು. ಆದರೂ ಅಂದು ಆ ಮಾತನ್ನೆತ್ತುವುದು ಉಚಿತವೆನಿಸಲಿಲ್ಲ. ಔಷಧದ ಹೆಸರಿನಲ್ಲಿ ವಾದ ಗೆಲ್ಲುವುದು ಸುಲಭ, ತಾಯಿಯ ಮನಸ್ಸನ್ನು ಗೆಲ್ಲುವುದು ಸುಲಭವಲ್ಲ.

ಕೂಡಲೇ ಉತ್ತರ ಕೊಡದೆ, ಅಲ್ಲಿ ಏನನ್ನು ಕಲಿಸುವರೆಂಬುದನ್ನು ನೋಡಿ ಹೇಳುತ್ತೇವೆಂದೆವು. ಹುಡುಗ ತಂದುಕೊಟ್ಟ ಪುಸ್ತಕಗಳನ್ನು ಒಂದು ತಿಂಗಳು ಓದಿದೆವು. ವೈನ್ ಮಾಡುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಬಳ್ಳಿಯನ್ನು ಅರಿಯುವ ವಿದ್ಯೆಯೇ ಇರುವುದು ಕಂಡುಬಂದಿತು. ಕಳುಹಿಸಿರಿ ಎಂದೆವು. ಇದು ಎರಡು ವರ್ಷದ ಕೆಳಗಿನ ಮಾತು. ಅಂದಿನಿಂದ ಆತನು ಕಳುಹಿಸುವ ಟಿಪ್ಪಣಿಗಳನ್ನು ನಾವೂ ಓದುತ್ತ ಬಂದಿದ್ದೇವೆ. ಅವುಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ದ್ರಾಕ್ಷಿಗಿಂತ ಹೆಚ್ಚಾಗಿ, ಕಲಿಸುವವರಿಗೆ ಬಂದೊದಗಿರುವ ಕಷ್ಟ.

ಆ ಕಷ್ಟವೆಂಥದು? ನಮ್ಮಲ್ಲಿ ಬೆಳೆಯುವ ದ್ರಾಕ್ಷಿಯ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಅದಕ್ಕೆ ಹಣ್ಣಿನಲ್ಲಿ ಸಕ್ಕರೆ ತುಂಬಿದ್ದರೆ ಆಯಿತು. ವೈನಿಗೆ ಹಾಗಲ್ಲ, ಸಕ್ಕರೆ, ಹುಳಿ, ಬಣ್ಣ, ಪರಿಮಳ ಎಲ್ಲವೂ ಒಂದೇ ಕಾಲಕ್ಕೆ ಹದಕ್ಕೆ ಬರಬೇಕು. ಬಿಸಿಲು ಮಿತಿ ಮೀರಿದಾಗ ಸಕ್ಕರೆ ಮುಂದೋಡುತ್ತದೆ, ಮ್ಯಾಲಿಕ್ ಎಂಬ ಹುಳಿ ಬೇಗನೆ ಕರಗುತ್ತದೆ, ಸಿಪ್ಪೆಯ ಬಣ್ಣ ಹಿಂದೆ ಬೀಳುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹೆಚ್ಚಿದರೆ ಮದ್ಯಾಂಶವು ಶೇಕಡಾ 1ರಷ್ಟು ಏರುತ್ತದೆ. ಸಕ್ಕರೆಗೆ ಹೆದರಿ ಬೇಗ ಕೊಯ್ದರೆ ಬಣ್ಣ ಪರಿಮಳಗಳು ಕೂಡಿರುವುದಿಲ್ಲ. ಅವು ಕೂಡಲೆಂದು ಕಾದರೆ ಹುಳಿ ಉಳಿಯುವುದಿಲ್ಲ. ಹೊರೆ ಎತ್ತಿದ ಜೋಡೆತ್ತುಗಳಲ್ಲಿ ಒಂದು ಓಡಿ ಒಂದು ನಿಂತರೆ ಬಂಡಿಯ ಗತಿ ಏನಾದೀತೆಂಬುದನ್ನು ನಮ್ಮ ರೈತ ಬಂಧುಗಳಿಗೆ ಹೇಳಬೇಕಾಗಿಲ್ಲ.

ಬಿಸಿಲು ಹೆಚ್ಚಿದರೆ ಚಳಿಯ ಭಯವಾದರೂ ತಪ್ಪೀತೆಂದು ನಾವು ಊಹಿಸಿದ್ದೆವು. ಅದೂ ಹಾಗಿಲ್ಲ. 2021ರ ಮಾರ್ಚ್ ಕೊನೆಯಲ್ಲಿ ಫ್ರಾನ್ಸಿನಲ್ಲಿ ಅಕಾಲದ ಸೆಕೆ ಬಿದ್ದು ಬಳ್ಳಿಗಳು ಚಿಗುರಿದವು. ಏಪ್ರಿಲ್ ಮೊದಲ ವಾರಗಳ ರಾತ್ರಿಗಳಲ್ಲಿ ಹಿಮ ಹೆಪ್ಪುಗಟ್ಟಿ ಆ ಎಳೆಯ ಕುಡಿಗಳು ಕರಕಾದವು. ಒಕ್ಕಲಿಗರು ಸಾಲುಸಾಲಿಗೆ ಮೇಣದ ದೀಪಗಳನ್ನು ಹಚ್ಚಿ ರಾತ್ರಿಯೆಲ್ಲ ತೋಟ ಕಾಯ್ದ ಚಿತ್ರಗಳನ್ನು ಕಂಡವರು ಅದನ್ನು ದೀಪೋತ್ಸವವೆಂದೇ ತಿಳಿದಾರು. ಆದುದರಿಂದ ಕತ್ತರಿಸುವ ಕಾಲವನ್ನು ತಡಮಾಡಿ ಚಿಗುರನ್ನು ಹಿಂದಕ್ಕೆ ಹಾಕುವ ಉಪಾಯವೂ ಈಗ ಅಲ್ಲಿಯ ಪಾಠದಲ್ಲಿ ಸೇರಿದೆ. ಗೊನೆಗೆ ಬಿಸಿಲು ತಾಗಲೆಂದು ಎಲೆ ತರಿಯುವುದು ತಂಪು ಸೀಮೆಯ ಹಳೆಯ ಪಾಠ. ಅದೇ ಮಾಸ್ತರರು ಇಂದು, ಸಂಜೆಯ ಬಿಸಿಲು ಬೀಳುವ ಮಗ್ಗುಲಿನ ಎಲೆಗಳನ್ನು ಮುಟ್ಟಬೇಡಿರಿ, ಹಣ್ಣು ಸುಡುತ್ತದೆ ಎನ್ನುವರು.

1944ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಅಮರೈನ್, ವಿಂಕ್ಲರ್ ಎಂಬ ಇಬ್ಬರು ಪ್ರಾಧ್ಯಾಪಕರು ಒಂದು ಗಣಿತವನ್ನು ರೂಪಿಸಿದರು. ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ದಿನದ ಸರಾಸರಿ ಉಷ್ಣಮಾನವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಹೆಚ್ಚೋ ಅಷ್ಟನ್ನು ಕೂಡಿಸುತ್ತ ಹೋಗುವುದು. ಬಂದ ಮೊತ್ತದ ಮೇಲಿಂದ ಸೀಮೆಗಳನ್ನು ಐದು ವರ್ಗ ಮಾಡಿ, ಯಾವುದಕ್ಕೆ ಯಾವ ತಳಿ ಒಗ್ಗುವುದೆಂದು ಹೇಳುವುದು. ಹಲವು ತಲೆಮಾರಿನ ವಿದ್ಯಾರ್ಥಿಗಳು ಇದನ್ನು ಪಂಚಾಂಗದಂತೆ ನಂಬಿದರು. ಇಂದಿಗೂ ಕಲಿಸುವರು. ಆದರೆ ಆ ಕಾಲಕ್ಕೆ ಒಂದು ವರ್ಗದಲ್ಲಿದ್ದ ಊರು ಈಗ ಮೇಲಿನ ವರ್ಗಕ್ಕೆ ಜಾರಿದ್ದನ್ನೂ ಜೊತೆಗೆ ತೋರಿಸಬೇಕಾಗುತ್ತದೆ. ಗಣಿತ ಸರಿಯಾಗಿದೆ, ಅದನ್ನು ಹಚ್ಚಿದ ಭೂಮಿ ಜರುಗಿದೆ.

ನಾವು ಮಠದ ಪಾಠಶಾಲೆಯಲ್ಲಿ ಲಘುಕೌಮುದಿಯನ್ನು ಓದುವಾಗ ಮೊದಲು ಸೂತ್ರ, ಆಮೇಲೆ ವೃತ್ತಿ, ಆಮೇಲೆ ಉದಾಹರಣೆ ಎಂಬ ಕ್ರಮವಿತ್ತು. ಸೂತ್ರವನ್ನು ಒಪ್ಪಿಸಿದ ಮಾತ್ರಕ್ಕೆ ಗುರುಗಳು ಬಿಡುತ್ತಿರಲಿಲ್ಲ, ಅದು ಅಲ್ಲೇಕೆ ಬಂದಿತೆಂದು ಕೇಳುತ್ತಿದ್ದರು. ಅದೃಷ್ಟಕ್ಕೆ ನಮ್ಮ ಶಬ್ದಗಳು ವರ್ಷಕ್ಕೊಮ್ಮೆ ರೂಪ ಬದಲಿಸುತ್ತಿರಲಿಲ್ಲ! ಈ ದ್ರಾಕ್ಷಿಯ ಗುರುಗಳ ಪಾಡು ಬೇರೆ. ಬಳ್ಳಿಯನ್ನು ಒಮ್ಮೆ ನೆಟ್ಟರೆ ಮೂವತ್ತು ನಲವತ್ತು ವರ್ಷ ನಿಲ್ಲಬೇಕು. ಫಸಲು ಅಲ್ಲಿ ವರ್ಷಕ್ಕೊಂದೇ. ಇಪ್ಪತ್ತೈದರ ಹರೆಯದಲ್ಲಿ ಕೈಹಚ್ಚಿದವನಿಗೆ ಆಯುಷ್ಯದಲ್ಲಿ ನಲವತ್ತು ಸಲ ಮಾತ್ರ ಪರೀಕ್ಷೆಯ ಅವಕಾಶ. ಆತನು ಐವತ್ತು ದಾಟುವ ಹೊತ್ತಿಗೆ ಬರುವ ಹವೆಯನ್ನು ಕಲಿಸುವವರು ಯಾರೂ ಅನುಭವಿಸಿದವರಲ್ಲ. ತಾನು ಕಾಣದ ಊರಿಗೆ ಶಿಷ್ಯನನ್ನು ದಾರಿ ಹಚ್ಚುವ ಗುರುವಿನ ಹೊಣೆ ಎಷ್ಟು ಭಾರವಾದುದು!

ಇದಕ್ಕೆ ಜರ್ಮನಿಯ ಗೈಸನ್‌ಹೈಮ್ ವಿದ್ಯಾಲಯದವರು ಮಾಡಿರುವ ಉಪಾಯವು ನಮಗೆ ಬಹಳ ಹಿಡಿಸಿತು. 2014ರಿಂದ ಅಲ್ಲಿ ತೋಟದ ನಡುವೆ ದೊಡ್ಡ ದೊಡ್ಡ ವೃತ್ತಗಳನ್ನು ನಿರ್ಮಿಸಿ, ಅವುಗಳೊಳಗಿನ ಬಳ್ಳಿಗಳಿಗೆ ಇಂದಿನ ಗಾಳಿಗಿಂತ ಶೇಕಡಾ 20ರಷ್ಟು ಹೆಚ್ಚು ಇಂಗಾಲಾಮ್ಲವನ್ನು ಊದುವರು. ಅಂದರೆ ಈ ಶತಮಾನದ ನಡುಭಾಗದಲ್ಲಿ ಬರಬಹುದಾದ ಗಾಳಿಯು ಆ ವೃತ್ತದಲ್ಲಿ ಇಂದೇ ಬೀಸುತ್ತಿದೆ. ಮೇಲೆ ಚಾವಣಿಯಿಲ್ಲ, ಗಾಜಿನ ಗೋಡೆಯಿಲ್ಲ. ಮಳೆ ಬಿಸಿಲು ಎಲ್ಲವೂ ಹೊರಗಿನದೇ. ಅಲ್ಲಿಯ ಬಳ್ಳಿ ಹೆಚ್ಚು ಸೊಂಪಾಗಿ ಬೆಳೆದು ಇಳುವರಿಯೂ ಏರಿದ್ದು ಕಂಡುಬಂದಿದೆ. ಸೊಂಪು ಹೆಚ್ಚಿದರೆ ಒಳ್ಳೆಯದೆಂದು ಹಿಗ್ಗುವಂತಿಲ್ಲ. ಎಲೆ ದಟ್ಟವಾದಲ್ಲಿ ಗಾಳಿಯಾಡದೆ ರೋಗ ಸೇರುವುದನ್ನು ಎಲ್ಲ ತೋಟಿಗರೂ ಬಲ್ಲರು. ನಮ್ಮ ಹುಡುಗ ಎರಡನೆಯ ವರ್ಷಕ್ಕೆ ಈ ವಿದ್ಯಾಲಯಕ್ಕೇ ಹೋಗಿರುವನು. ಆ ವೃತ್ತದೊಳಗೆ ಎಲೆ ಎಣಿಸುತ್ತ ನಿಂತಾಗ, ತಾನು ತನ್ನ ಮಗನ ಕಾಲದಲ್ಲಿ ನಿಂತಂತೆ ಅನಿಸಿತೆಂದು ಬರೆದಿದ್ದನು. ಮದುವೆಯ ಮಾತೆತ್ತಿದರೆ ಫೋನ್ ಇಡುವ ಹುಡುಗ ಹೀಗೆ ಬರೆದನಲ್ಲಾ ಎಂದು ಮನೆಯಲ್ಲಿ ನಕ್ಕರಂತೆ.

ಬೋರ್ಡೋ ಸೀಮೆಯ ಸಂಗತಿ ಇನ್ನೊಂದು ಬಗೆಯದು. ಅಲ್ಲಿ ಯಾವ ತಳಿ ನೆಡಬೇಕು, ಹೇಗೆ ಕತ್ತರಿಸಬೇಕು ಎಂಬುದಕ್ಕೆಲ್ಲ ಕಟ್ಟಳೆಯಿದೆ. ಕಟ್ಟಳೆ ಮೀರಿದರೆ ಸೀಸೆಯ ಮೇಲೆ ಊರ ಹೆಸರು ಹಾಕುವಂತಿಲ್ಲ. ಕೆಂಪು ದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆರ್ಲೋ ಎಂಬ ತಳಿ. ಬೇಗ ಹಣ್ಣಾಗುವ ಜಾತಿಯಾದುದರಿಂದ ಸೆಕೆಯ ಪೆಟ್ಟು ಅದಕ್ಕೇ ಮೊದಲು. 2009ರಲ್ಲಿ ಅಲ್ಲಿಯ ಸಂಶೋಧಕರು ಒಂದೇ ತಾಕಿನಲ್ಲಿ 52 ತಳಿಗಳನ್ನು ನೆಟ್ಟು ನೋಡತೊಡಗಿದರು. ಹನ್ನೆರಡು ವರ್ಷದ ಮೇಲೆ, 2021ರಲ್ಲಿ, ಆರು ಹೊಸ ತಳಿಗಳಿಗೆ ಅಪ್ಪಣೆ ದೊರೆಯಿತು. ಅವುಗಳಲ್ಲಿ ತೂರಿಗಾ ನಾಸಿಯೊನಾಲ್ ಎಂಬುದು ಪೋರ್ತುಗಲ್ಲಿನ ಬಿಸಿಲು ಸೀಮೆಯದು. ಕಾಸ್ತೆ ಎಂಬುದು ಆ ಪ್ರಾಂತದವರೇ ಹಿಂದೊಮ್ಮೆ ಬೆಳೆದು ಮರೆತುಬಿಟ್ಟಿದ್ದ ತಳಿ. ಅಪ್ಪಣೆಯಾದರೂ ಎಷ್ಟು? ತೋಟದ ಶೇಕಡಾ 5ಕ್ಕೆ ಮೀರಿ ನೆಡಬಾರದು, ಮಿಶ್ರಣದಲ್ಲಿ ಶೇಕಡಾ 10ಕ್ಕೆ ಮೀರಿ ಸೇರಿಸಬಾರದು. ಇಷ್ಟು ಅಂಜಿಕೆಯೇಕೆಂದು ಕೆಲವರು ಹಾಸ್ಯ ಮಾಡುವರು. ನಮಗೆ ಹಾಗೆನಿಸಲಿಲ್ಲ. ಕಟ್ಟಳೆಯನ್ನು ಕಟ್ಟಿದ ಕಾರಣವು ನೆನಪಿರುವವರು ಮಾತ್ರ ಅದನ್ನು ಎಷ್ಟು ಸಡಿಲಿಸಬೇಕೆಂಬುದನ್ನು ಅರಿಯಬಲ್ಲರು. ಕಾರಣವನ್ನು ಮರೆತವರಲ್ಲಿ ಒಬ್ಬನು ಕಟ್ಟಳೆಯನ್ನು ಪೂಜಿಸುತ್ತಾನೆ, ಇನ್ನೊಬ್ಬನು ಒದೆಯುತ್ತಾನೆ. ಇಂಥವರನ್ನು ನಾವು ಮಠಗಳ ಸುತ್ತಲೂ ಸಾಕಷ್ಟು ಕಂಡಿದ್ದೇವೆ.

ಅದೇ ಬೋರ್ಡೋದಲ್ಲಿ 2023ರಿಂದ ಸರಕಾರದ ನೆರವಿನಿಂದ ಸಾವಿರಾರು ಹೆಕ್ಟೇರ್ ಬಳ್ಳಿ ಕಿತ್ತಿರುವುದೂ ನಿಜ. ಅದಕ್ಕೆ ದೊಡ್ಡ ಕಾರಣ ಹವೆಯಲ್ಲ, ಕುಡಿಯುವವರು ಕಡಿಮೆಯಾದುದು. ಕುಡಿತ ತಗ್ಗಿತೆಂದು ನಾವು ಕಣ್ಣೀರಿಡಲಾರೆವು. ಆದರೆ ಬೇರು ಸಮೇತ ಬಳ್ಳಿ ಕೀಳುವ ಒಕ್ಕಲಿಗನ ಮುಖವು ಎಲ್ಲ ದೇಶದಲ್ಲಿಯೂ ಒಂದೇ.

ಮೋಂಪೆಲಿಯೇ ನಗರಕ್ಕೆ ಇಂಥ ಸಂಕಟ ಹೊಸದೇನಲ್ಲ. 1868ರಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗುತ್ತಿದ್ದಾಗ, ಅಲ್ಲಿಯ ಪ್ಲಾಂಶೋನ್ ಎಂಬ ಪ್ರಾಧ್ಯಾಪಕನು ಬೇರು ಹೀರುವ ಫಿಲಾಕ್ಸೆರಾ ಎಂಬ ಸೂಕ್ಷ್ಮ ಕೀಟವನ್ನು ಗುರುತಿಸಿದನು. ಅಮೇರಿಕದಿಂದ ಬಂದ ಆ ಪೀಡೆಗೆ ಅಮೇರಿಕದ ಕಾಡುಬಳ್ಳಿಯ ಬೇರೇ ಮದ್ದಾಯಿತು. ಸುಣ್ಣದ ಮಣ್ಣಿನಲ್ಲಿ ಆ ಬೇರೂ ಸೋತಾಗ, 1887ರಲ್ಲಿ ಪಿಯೇರ್ ವಿಯಾಲಾ ಎಂಬ ಅಲ್ಲಿಯ ಅಧ್ಯಾಪಕನು ಅಮೇರಿಕಕ್ಕೆ ಹೋಗಿ, ಟೆಕ್ಸಾಸಿನ ಮುನ್ಸನ್ ಎಂಬ ಸಸ್ಯಪ್ರೇಮಿಯ ನೆರವಿನಿಂದ ಸುಣ್ಣ ತಾಳುವ ಜಾತಿಗಳನ್ನು ಅರಸಿದನು. ಈ ಪಾಠ ಕೇಳಿ ಬಂದ ದಿನ ಹುಡುಗನು ತಂದೆಗೆ ಫೋನ್ ಮಾಡಿದನಂತೆ. ನಮ್ಮ ಸವಳು ನೀರಿನ ಸೀಮೆಯಲ್ಲಿ ತೋಟಿಗರು ಕಸಿಗೆ ಬಳಸುವ ಡಾಗ್ರಿಡ್ಜ್ ಬೇರೂ ಟೆಕ್ಸಾಸಿನ ಕಾಡುದ್ರಾಕ್ಷಿಯ ಕುಲದ್ದೇ. “ಹತ್ತಾರು ವರ್ಷ ಅದರ ಮ್ಯಾಗ ಬದುಕೇವಿ, ಅದರ ಊರು ಯಾವುದಂತ ಕೇಳಿದ್ದಿಲ್ಲ ನೋಡ್ರಿ” ಎಂದು ತಂದೆ ನಮ್ಮೊಡನೆ ಹೇಳಿದರು.

ಇತ್ತೀಚೆಗೆ ತರಗತಿಯಲ್ಲಿ ಈತನಿಗೇ ಪಾಠ ಹೇಳುವ ಪ್ರಸಂಗ ಬಂದಿತು. ಯುರೋಪಿನಲ್ಲಿ ಚಳಿಗಾಲವು ಬಳ್ಳಿಯನ್ನು ಮಲಗಿಸುತ್ತದೆ, ವಸಂತವು ಎಬ್ಬಿಸುತ್ತದೆ. ನಮ್ಮಲ್ಲಿ ಬಳ್ಳಿಗೆ ಅಂಥ ನಿದ್ರೆಯಿಲ್ಲ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಚಾಟಣಿ ಮಾಡಿ ಮನುಷ್ಯನೇ ಎಬ್ಬಿಸುತ್ತಾನೆ. ಹನಿ ನೀರಾವರಿಯಿಲ್ಲದೆ ನಮ್ಮ ತೋಟವಿಲ್ಲ. ಅಲ್ಲಿಯ ಹೆಸರಾಂತ ಸೀಮೆಗಳಲ್ಲಿ ಫಲಕ್ಕೆ ಬಂದ ಬಳ್ಳಿಗೆ ನೀರುಣಿಸುವುದೇ ಬಹುಕಾಲ ನಿಷಿದ್ಧವಾಗಿತ್ತು. ಸೆಕೆಯ ಸೀಮೆಯವರ ವಾಡಿಕೆಗಳು ತಂಪು ಸೀಮೆಯವರಿಗೆ ಪಾಠವಾಗುವ ಕಾಲ ಬಂದಿರುವುದರಿಂದ ಸಹಪಾಠಿಗಳು ಒಂದೊಂದಾಗಿ ಪ್ರಶ್ನೆ ಹಾಕಿದರು. ಅಕ್ಟೋಬರ್ ಚಾಟಣಿ ಅಕ್ಟೋಬರ್‌ನಲ್ಲಿಯೇ ಏಕೆ ಎಂದು ಒಬ್ಬಳು ಕೇಳಿದಳಂತೆ. ಮಳೆ ಹಿಂದೆಗೆದ ಮೇಲೆ ಚಿಗುರಿಗೆ ರೋಗದ ಭಯವಿಲ್ಲವೆಂದು ಉತ್ತರಿಸಿದನು. “ಆಗ ಮಳೆ ಹಿಂದೆಗೆಯದಿದ್ದರೆ?” ಎಂದಳು.

ಆ ರಾತ್ರಿಯೇ ತಂದೆಗೆ ಫೋನ್ ಬಂದಿತು. ಅಜ್ಜನ ಕಾಲದಿಂದ ಯಾವ ಯಾವ ವರ್ಷ ಯಾವ ದಿನ ಚಾಟಣಿಯಾಯಿತೆಂಬ ಲೆಕ್ಕ ಬೇಕೆಂದು. ಅಂಥ ಲೆಕ್ಕ ಯಾರಿಟ್ಟಾರು? ಆದರೆ ಚಾಟಣಿಯ ಆಳುಗಳಿಗೆ ಪಗಾರ ಕೊಟ್ಟ ವಹಿಗಳು ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ಕೆಲವಕ್ಕೆ ಗೆದ್ದಲು ಹತ್ತಿದೆ. ಅಜ್ಜನ ಮೋಡಿ ಅಕ್ಷರ ತಂದೆಗೆ ಓದಲು ಬಾರದು. ಆ ಲಿಪಿಯನ್ನು ಬಲ್ಲೆವೆಂಬ ಕಾರಣದಿಂದ ವಹಿಗಳು ಈಗ ನಮ್ಮ ಮೇಜಿನ ಮೇಲೆ ಬಂದು ಕುಳಿತಿವೆ. ದಿನಕ್ಕೆ ನಾಲ್ಕೈದು ಪುಟದಂತೆ ತಾರೀಖುಗಳನ್ನು ಬಿಡಿಸಿ ಬರೆದುಕೊಡುತ್ತಿದ್ದೇವೆ. ತೋಟದಲ್ಲಿ ಎರಡು ಎಕರೆ ಹಳೆಯ ಬಳ್ಳಿ ತೆಗೆದು ನೆಲ ಹದ ಮಾಡಿಟ್ಟಿರುವರು. ಅಲ್ಲಿ ಏನು ನೆಡಬೇಕೆಂಬುದನ್ನು ಹುಡುಗ ಬಂದ ಮೇಲೆ ನೋಡೋಣವೆಂದು ತಂದೆ ಸುಮ್ಮನಿರುವರು. ಒಣದ್ರಾಕ್ಷಿಯ ತಳಿ ಬಿಟ್ಟು ಬೇರೆ ನೆಡಕೂಡದೆಂದು ತಾಯಿ ಈಗಲೇ ಹೇಳಿಬಿಟ್ಟಿರುವರು.