ಕಾಲಿಗೆ ತಾಗದ ಎಳೆ

ಮೊಳಕಾಲ್ಮುರು. ಬೆಳಗಿನ ಆರು ಗಂಟೆ. ನೀವು ಗುಣಿ ಮಗ್ಗಕ್ಕೆ ಕೂತಿದ್ದೀರಿ. ಕಾಲು ನೆಲದೊಳಗೆ, ಕೈ ರೇಷ್ಮೆಯ ಹಾಸಿನ ಮೇಲೆ. ಗುಣಿಯಿಂದ ತಣ್ಣನೆಯ ಮಣ್ಣಿನ ವಾಸನೆ ಏಳುತ್ತದೆ. ಲಾಳಿ ಓಡುತ್ತದೆ, ಹಲಗೆ ಬಡಿಯುತ್ತದೆ. ಸಾವಿರಾರು ಎಳೆಗಳಲ್ಲಿ ಒಂದು ಹರಿದರೂ ನಿಮ್ಮ ಬೆರಳ ತುದಿಗೆ ಗೊತ್ತಾಗುತ್ತದೆ.

“ತಾತಾ, ಕಾಲಲ್ಲಿ ರಕ್ತ!”

ಮೊಮ್ಮಗಳು ಗುಣಿಯೊಳಗೆ ಬಗ್ಗಿ ನೋಡುತ್ತಿದ್ದಾಳೆ. ಕೆಂಪು ನೂಲಿರಬೇಕು ಎಂದು ನಗುತ್ತಲೇ ಕಾಲೆತ್ತುತ್ತೀರಿ. ಹೆಬ್ಬೆರಳ ಬುಡದಲ್ಲಿ ಸಣ್ಣ ಮೊಳೆ ನೆಟ್ಟಿದೆ. ಸುತ್ತಲಿನ ಚರ್ಮ ಕಪ್ಪಗೆ ಊದಿದೆ. ಕೊಳೆತ ವಾಸನೆ. ಇದು ಇವತ್ತಿನದಲ್ಲ. ನೋವು? ಎಳ್ಳಷ್ಟೂ ಇಲ್ಲ. ಎದೆ ಧಸಕ್ಕೆಂದದ್ದು ಅದಕ್ಕೇ.

ಎಂಟು ವರ್ಷದಿಂದ ಶುಗರ್. ಮೊದಮೊದಲು ಅಂಗಾಲು ಉರಿಯುತ್ತಿತ್ತು, ಇರುವೆ ಹರಿದಂತೆ ಜುಮುಜುಮು ಅನ್ನುತ್ತಿತ್ತು. ಒಂದು ದಿನ ಉರಿ ನಿಂತಿತು. ವಾಸಿಯಾಯಿತೆಂದು ಮಾತ್ರೆಯನ್ನೂ ಆಗಾಗ ಮರೆತಿರಿ.

ಸೆರಗು ಇನ್ನೊಂದು ಮೊಳ ಬಾಕಿ. ಸಂಜೆಯೊಳಗೆ ಸೀರೆ ಇಳಿಸಿದರೆ ಕೂಲಿ ಕೈಗೆ ಬರುತ್ತದೆ. ಅರಿಶಿನ ಮೆತ್ತಿ ಬಟ್ಟೆ ಸುತ್ತಿದರೆ ಇವತ್ತೊಂದು ದಿನ ಕಳೆದೀತು. ಕೈ ಮತ್ತೆ ಲಾಳಿಗೆ ಹೋಗುತ್ತದೆ.

“ಮಾವ, ಮಗ್ಗ ಎಲ್ಲಿಗೂ ಹೋಗಲ್ಲ. ಕಾಲು ಹೋಗುತ್ತೆ. ಏಳಿ.” ಸೊಸೆ ಚಪ್ಪಲಿ ಹಿಡಿದು ನಿಂತಿದ್ದಾಳೆ.

ಬಸ್ಸು ತಳಕು ದಾಟುತ್ತದೆ. ಕಿಟಕಿಯಾಚೆ ಶೇಂಗಾ ಹೊಲ, ಜಾಲಿ, ಮಳೆಗೆ ಕಾದ ನೆಲ. ಚಳ್ಳಕೆರೆಯಲ್ಲಿ ಇಳಿದರೆ ಎಣ್ಣೆ ಮಿಲ್ಲಿನ ಘಾಟು, ಮಿರ್ಚಿ ಕರಿಯುವ ಸದ್ದು. ಒಗ್ಗರಣೆ ಮಂಡಕ್ಕಿ ಕಂಡು ಬಾಯಲ್ಲಿ ನೀರೂರುತ್ತದೆ. ಪರೀಕ್ಷೆಗೆಂದು ಬರಿ ಹೊಟ್ಟೆಯಲ್ಲಿ ಬಂದಿದ್ದೀರಿ.

ಆಸ್ಪತ್ರೆ. ಬೆರಳಿಗೆ ಸೂಜಿ. ಯಂತ್ರದಲ್ಲಿ 286. ಬರಿ ಹೊಟ್ಟೆಯಲ್ಲಿ 126 ಮುಟ್ಟಿದರೇ ಅದು ಸಕ್ಕರೆ ಕಾಯಿಲೆಯ ಲೆಕ್ಕ.

“ಯಜಮಾನ್ರೇ, ಕಣ್ಣು ಮುಚ್ಚಿ. ಕಾಲಿಗೆ ತಾಗಿದಾಗ ಹೇಳಿ.” ಡಾಕ್ಟರ ಕೈಯಲ್ಲೊಂದು ನೈಲಾನ್ ಎಳೆ. 10 ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಕಾಯುತ್ತೀರಿ. ಫ್ಯಾನು ಕಿರುಗುಡುತ್ತದೆ. ಹೊರಗೆ ಯಾವುದೋ ಮಗು ಅಳುತ್ತಿದೆ.

“ಯಾವಾಗ ಶುರು ಮಾಡ್ತೀರಿ ಸಾರ್?”

“ಐದು ಕಡೆ ಮುಟ್ಟಿ ಆಯ್ತಲ್ಲ.”

ಗಂಟಲು ಒಣಗುತ್ತದೆ. ಜೀವನವೆಲ್ಲ ಎಳೆಗಳ ಜೊತೆ ಕಳೆದವರು ನೀವು. ಒಂದು ಎಳೆ ಕಾಲಿಗೆ ತಾಗಿದ್ದು ತಿಳಿಯಲಿಲ್ಲ. ರಕ್ತದಲ್ಲಿ ಏರಿದ ಸಕ್ಕರೆ ಉದ್ದದ ನರಗಳನ್ನು ಮೊದಲು ಕೆಡಿಸುತ್ತದೆ, ಅಂಗಾಲಿಗೆ ಹೋಗುವುದು ಅವೇ. ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳನ್ನೂ ಬಿಡುವುದಿಲ್ಲ. ಸಂಜೆ ಹೊತ್ತು ಜರಿ ಮಸುಕಾಗುತ್ತಿತ್ತಲ್ಲ, ವಯಸ್ಸು ಅಂದುಕೊಂಡಿದ್ದಿರಿ.

ಚಿಮುಟ. ಕತ್ತರಿ. ಟಿಂಚರಿನ ವಾಸನೆ. ಕೀವು ತಟ್ಟೆಗೆ ಬೀಳುತ್ತದೆ. ಕತ್ತರಿಸುವ ಸದ್ದು ಕೇಳುತ್ತದೆ, ಕತ್ತರಿಸಿದ್ದು ತಿಳಿಯುವುದಿಲ್ಲ.

“ಬೆರಳು ಉಳಿಯುತ್ತಾ ಸಾರ್?”

ಉತ್ತರ ಬರುವುದಿಲ್ಲ. ಉಸಿರು ಹಿಡಿಯುತ್ತೀರಿ.

“ಎಲುಬಿಗೆ ಇಳಿದಂಗಿಲ್ಲ. ಇನ್ನೊಂದು ವಾರ ಬಿಟ್ಟಿದ್ರೆ ಬೇರೆ ಮಾತು.”

ಬೆನ್ನು ಬೆವರಿದೆ. “ಚಹಾಕ್ಕೆ ಸಕ್ಕರೆ ಬಿಟ್ಟು ಎಷ್ಟೋ ವರ್ಷ ಆಯ್ತು ಸಾರ್.”

“ಊಟಕ್ಕೆ?”

ಎರಡು ಮುದ್ದೆ, ಮೇಲೊಂದು ರಾಶಿ ಅನ್ನ, ಸಂಜೆ ಮಂಡಕ್ಕಿ. ಹೇಳುವಾಗಲೇ ದನಿ ಇಳಿಯುತ್ತದೆ. ಅನ್ನ, ಮಂಡಕ್ಕಿ, ಮುದ್ದೆ ಮೂರೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತವೆ. ರಾಗಿ, ನವಣೆ ಒಳ್ಳೆಯವೇ, ಅಳತೆ ಮೀರದಿದ್ದರೆ. ಮುದ್ದೆ ಒಂದಿರಲಿ, ಸೊಪ್ಪು ಕಾಳು ಹೆಚ್ಚಲಿ, ಗಾಯ ಮಾಯುವ ತನಕ ಆ ಕಾಲು ಊರಬೇಡಿ, ಮಾಯ್ದ ಮೇಲೆ ಮಗ್ಗದಿಂದ ಆಗಾಗ ಎದ್ದು ನಡೆಯಿರಿ, ಮಾತ್ರೆ ತಪ್ಪಿಸಬೇಡಿ. ಡಾಕ್ಟರು ಚೀಟಿ ಬರೆಯುತ್ತಲೇ ಹೇಳುತ್ತಾರೆ. ಊರದಿದ್ದರೆ ನೇಯುವುದು ಹೇಗೆ? ಕೇಳಲು ಬಾಯಿ ಬರುವುದಿಲ್ಲ.

ರಾತ್ರಿ. ತಟ್ಟೆಯಲ್ಲಿ ಒಂದೇ ಮುದ್ದೆ, ತುಂಬ ಸೊಪ್ಪಿನ ಸಾರು. ಮಗ್ಗ ಸುಮ್ಮನಿದೆ. ಮೊಮ್ಮಗಳು ಮುಖ ನೋಡುವ ಕನ್ನಡಿಯನ್ನು ನಿಮ್ಮ ಇನ್ನೊಂದು ಅಂಗಾಲಿನ ಕೆಳಗೆ ಹಿಡಿದು, ಬೆರಳ ಸಂದಿ ಬಿಡಿಸಿ ನೋಡುತ್ತಾಳೆ. “ಏನೂ ಇಲ್ಲ ತಾತ.”

ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಐಸಿಎಂಆರ್ ಅಧ್ಯಯನ ಅಂದಾಜಿಸಿತು. ಅವರಲ್ಲೊಬ್ಬರು ನಿಮ್ಮ ಮನೆಯಲ್ಲಿದ್ದರೆ ಇವತ್ತು ರಾತ್ರಿ ಅವರ ಅಂಗಾಲು ನೋಡಿ. ನೋವಾದರೆ ಹೇಳುತ್ತಾರೆ ಎಂದು ಕಾಯಬೇಡಿ.