ಶರಾವತಿಯ ಹಿನ್ನೀರೂ ವಿಶ್ವದ ಅರುಣೋದಯವೂ

ಸಾಗರ ಪಟ್ಟಣದಿಂದ ಸಿಗಂದೂರಿನ ಮಾರ್ಗವನ್ನು ಹಿಡಿದು ಹೋಗುವವರು ಬಹುಮಟ್ಟಿಗೆ ದೇವಿಯ ದರ್ಶನಾರ್ಥಿಗಳು. ನಾವೂ ಆ ದರ್ಶನವನ್ನು ಬಿಟ್ಟವರಲ್ಲ. ಆದರೆ ಈ ಸಲ ನಮ್ಮನ್ನು ಅಲ್ಲಿಗೆ ಎಳೆದೊಯ್ದದ್ದು ದಾರಿಗೆ ಅಡ್ಡವಾಗಿ ಬರುವ ನೀರು. ಬಸ್ಸು ಕಾಡನ್ನು ದಾಟಿ ಅಂಬಾರಗೋಡ್ಲಿನ ಕಡೆಗೆ ಇಳಿಯುತ್ತಲೇ ಶರಾವತಿಯ ಹಿನ್ನೀರು ಥಟ್ಟನೆ ಕಣ್ಣೆದುರಿಗೆ ಹರಡಿಕೊಳ್ಳುತ್ತದೆ. ನದಿಯೆಂಬ ಮಾತು ಅದಕ್ಕೆ ಒಪ್ಪದು. ಗುಡ್ಡಗಳ ಸಂದುಸಂದಿನಲ್ಲಿ ಕೈಚಾಚಿ, ತುದಿಗಳನ್ನೆಲ್ಲ ದ್ವೀಪಗಳನ್ನಾಗಿ ಮಾಡಿ, ಸುಮಾರು ೩೦೦ ಚದರ ಕಿಲೋಮೀಟರಿನಷ್ಟು ಮಲಗಿರುವ ಜಲರಾಶಿ ಅದು. ಹಿಂದೆ ಹೊಳೆಬಾಗಿಲಿನ ಲಾಂಚಿಗಾಗಿ ಕಾದು ನಿಂತು ಆಚೆಯ ದಡವನ್ನು ಸೇರಬೇಕಾಗಿತ್ತು. ೨೦೨೫ನೆಯ ಇಸವಿ ಜುಲೈ ತಿಂಗಳಲ್ಲಿ ಸೇತುವೆ ತೆರೆದ ಮೇಲೆ ದಾಟುವುದು ಕೆಲವು ನಿಮಿಷಗಳ ಕೆಲಸ. ದ್ವೀಪವಾಸಿಗಳಂತೆ ಬಾಳಿದ ತುಮರಿಯ ಕಡೆಯ ಜನರಿಗೆ ಇದು ಬಹುಕಾಲದ ಬಯಕೆ. ನಮ್ಮಂತಹ ನಿರುದ್ಯೋಗಿಗಳಿಗೆ ಮಾತ್ರ ನೀರನ್ನು ಸಾವಕಾಶವಾಗಿ ನೋಡುವ ಅವಕಾಶವೊಂದು ತಪ್ಪಿತು. ಆದುದರಿಂದ ನಾವು ಸೇತುವೆಗೆ ಈಚೆಯೇ ಬಸ್ಸಿನಿಂದಿಳಿದು ದಡದ ಕೆಂಪು ಮಣ್ಣಿನ ಮೇಲೆ ಕುಳಿತೆವು.

ಶ್ರೀರಾಮನ ಬಾಣದಿಂದ ಹುಟ್ಟಿದ ನದಿಯೆಂಬ ಅಂಬುತೀರ್ಥದ ಕಥೆಯನ್ನು ವಾಚಕರು ಬಲ್ಲರು. ಈ ಹಿನ್ನೀರಿನ ಕಥೆ ಅಷ್ಟು ಹಳೆಯದಲ್ಲ. ಅಷ್ಟು ಸುಖದ್ದೂ ಅಲ್ಲ. ೧೯೪೮ರಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಮುಗಿಯಿತು. ಹದಿನಾರು ವರ್ಷಗಳೊಳಗೆ, ೧೯೬೪ರಲ್ಲಿ, ಲಿಂಗನಮಕ್ಕಿಯ ದೊಡ್ಡ ಕಟ್ಟೆಯ ನೀರು ಆ ಕಟ್ಟೆಯನ್ನೇ ನುಂಗಿತು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಅದು ಈಗಲೂ ಇಡಿಯಾಗಿ ಮೇಲೆದ್ದು ನಿಲ್ಲುತ್ತದೆ. ಅದರೊಂದಿಗೆ ಅಡಕೆಯ ತೋಟಗಳೂ ಗದ್ದೆಗಳೂ ಊರುಗಳೂ ಮುಳುಗಿದವು. ನಾಡಿಗೆ ದೀಪ ಬಂದಿತು. ಆ ದೀಪಕ್ಕಾಗಿ ಮನೆ ಬಿಟ್ಟವರು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಈ ಜಲಪ್ರದೇಶದ ನಿಶ್ಶಬ್ದವನ್ನು ಹೊಗಳುವವರು ಆ ನಿಶ್ಶಬ್ದದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ನೆನೆಯಬೇಕು.

ನಾವು ಹೇಳಹೊರಟ ವಿಷಯ ಆ ನಿಶ್ಶಬ್ದಕ್ಕೇ ಸಂಬಂಧಪಟ್ಟದ್ದು. ೨೦೨೦ನೆಯ ಇಸವಿಯ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಮಂದಿರದ ವಿಜ್ಞಾನಿಗಳು ಮೊದಲು ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಬಳಿಕ ಈ ಶರಾವತಿಯ ಹಿನ್ನೀರಿನಲ್ಲಿಯೂ ಒಂದು ತೆಪ್ಪವನ್ನು ತೇಲಿಬಿಟ್ಟರು. ತೆಪ್ಪದ ಮೇಲೆ ಲೋಹದ ಒಂದು ತಟ್ಟೆ. ಅದರ ಮೇಲೆ ತುದಿ ಕೆಳಗಾಗಿ ನಿಂತ ಶಂಕುವಿನಾಕಾರದ ಆಂಟೆನಾ. ನೋಡಿದವರು ಮೀನು ಹಿಡಿಯುವ ಹೊಸ ಸಾಧನವೆಂದುಕೊಂಡರೆ ಆಶ್ಚರ್ಯವಿಲ್ಲ. ಅದು ಹಿಡಿಯಹೊರಟಿದ್ದುದು ಸಾವಿರದ ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಹೊರಟ ರೇಡಿಯೋ ಅಲೆಯನ್ನು.

ವಿಶ್ವದ ವಯಸ್ಸು ಈಗಿನ ಲೆಕ್ಕದಂತೆ ಸುಮಾರು ೧೩೮೦ ಕೋಟಿ ವರ್ಷ. ಆದಿಯ ಉರಿ ಆರಿದ ಬಳಿಕ ಬಹುಕಾಲ ನಕ್ಷತ್ರವೊಂದೂ ಇರಲಿಲ್ಲ. ಎಲ್ಲೆಲ್ಲಿಯೂ ತಣ್ಣಗಾಗುತ್ತಿದ್ದ ಜಲಜನಕ, ಸ್ವಲ್ಪ ಹೀಲಿಯಂ, ಕತ್ತಲೆ. ಎಲ್ಲಿ ವಸ್ತು ಒಂದಿಷ್ಟು ಒತ್ತಾಗಿತ್ತೋ ಅಲ್ಲಿ ಅದು ತನ್ನ ಆಕರ್ಷಣದಿಂದಲೇ ಇನ್ನಷ್ಟನ್ನು ಸೆಳೆದುಕೊಂಡು, ಕುಸಿದು, ಮೊದಲ ನಕ್ಷತ್ರಗಳನ್ನೂ ಮೊದಲ ಗ್ಯಾಲಕ್ಸಿಗಳನ್ನೂ ಹೆತ್ತಿತು. ಆ ಅರುಣೋದಯ ಯಾವಾಗ ಆಯಿತು, ಆ ಮೊದಲಿಗರ ಸ್ವಭಾವವೇನು ಎಂಬುದೇ ಪ್ರಶ್ನೆ. ಅವುಗಳ ಬೆಳಕು ಅತಿ ಕ್ಷೀಣ. ಆದರೆ ಸುತ್ತಲಿದ್ದ ಜಲಜನಕ ಸಾಕ್ಷಿ ಹೇಳಬಲ್ಲದು. ಜಲಜನಕದ ಪರಮಾಣು ೨೧ ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಹೀರುವ ಇಲ್ಲವೆ ಸೂಸುವ ಗುಣವುಳ್ಳದ್ದು. ಮೊದಲ ನಕ್ಷತ್ರಗಳ ಅತಿನೇರಳೆ ಕಿರಣ ತಾಗಿದೊಡನೆ ತಣ್ಣನೆಯ ಜಲಜನಕವು ಆದಿಯಿಂದ ಉಳಿದುಬಂದ ವಿಕಿರಣದಲ್ಲಿ ಈ ಒಂದು ಅಲೆಯನ್ನು ಹೀರತೊಡಗಿತು. ಮುಂದೆ ಕ್ಷಕಿರಣಗಳು ಅದನ್ನು ಕಾಯಿಸಿದಾಗ ಹೀರುವುದು ನಿಂತಿತು. ಆ ಹೀರಿಕೆಯ ಗುರುತು, ಸಮತಟ್ಟಾದ ದಾರಿಯಲ್ಲಿ ತಗ್ಗಿನಂತೆ, ಇಂದಿನ ಆಕಾಶದಲ್ಲಿ ಉಳಿದಿರಬೇಕು. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗಿ ಹಲವು ಮೀಟರುಗಳಷ್ಟು ಉದ್ದವಾಗಿರುತ್ತದೆ. ತಗ್ಗು ಎಲ್ಲಿದೆಯೆಂಬುದು ಕಾಲವನ್ನೂ, ಎಷ್ಟು ಆಳವೆಂಬುದು ಶೈತ್ಯವನ್ನೂ ತಿಳಿಸುತ್ತದೆ.

ಹೇಳುವುದಕ್ಕೆ ಸುಲಭ. ನಮ್ಮ ಆಕಾಶಗಂಗೆಯೇ ಅದೇ ಅಲೆಗಳಲ್ಲಿ ಸಾವಿರ ಡಿಗ್ರಿಗೆ ಮಿಕ್ಕ ಕಾವಿನಷ್ಟು ಗದ್ದಲ ಮಾಡುತ್ತದೆ. ಹುಡುಕುವ ತಗ್ಗು ಒಂದು ಡಿಗ್ರಿಯ ಅಂಶಮಾತ್ರ. ಪಕ್ಕದಲ್ಲಿಯೇ, ೮೮ ಮೆಗಾಹರ್ಟ್ಸಿನಿಂದ ಮೇಲಕ್ಕೆ, ಮನುಷ್ಯನ ಎಫ್.ಎಂ. ರೇಡಿಯೋ ಹಾಡುತ್ತಿರುತ್ತದೆ.

೨೦೧೮ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಮರುಪ್ರದೇಶದಿಂದ ವಾರ್ತೆ ಬಂದಿತು. ಜಡ್ ಬೋಮನ್ ಮತ್ತು ಸಹಚರರು ‘ಎಡ್ಜಸ್’ ಎಂಬ ಯಂತ್ರದಿಂದ ೭೮ ಮೆಗಾಹರ್ಟ್ಸಿನಲ್ಲಿ ಅರ್ಧ ಡಿಗ್ರಿ ಆಳದ ತಗ್ಗನ್ನು ಕಂಡೆವೆಂದರು. ವಿಶ್ವ ಹುಟ್ಟಿ ಹದಿನೆಂಟು ಕೋಟಿ ವರ್ಷವಾಗಿದ್ದಾಗಿನ ಗುರುತು! ಆದರೆ ಆಳ ವಿಪರೀತ. ಸಿದ್ಧಾಂತ ಒಪ್ಪುವುದರ ಇಮ್ಮಡಿಗೂ ಹೆಚ್ಚು. ಜಲಜನಕವನ್ನು ಅಷ್ಟು ತಣಿಸಿದ್ದು ಕಾಣದ ಕೃಷ್ಣದ್ರವ್ಯವಿರಬಹುದೆಂದು ಊಹೆಗಳು ಹೊರಟವು. ಪ್ರಬಂಧಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಗೋಡೆ ನೆಟ್ಟಗಿದೆಯೇ ಎಂದು ನೋಡುವುದಕ್ಕೆ ಮೊದಲೇ ಚಿತ್ರ ಬರೆಯಲು ಕುಳಿತಂತೆ ಎಂದು ನಮ್ಮ ಭಾವನೆ.

ಗೋಡೆಯನ್ನು ನೋಡಲು ಹೊರಟದ್ದು ರವಿ ಸುಬ್ರಹ್ಮಣ್ಯನ್, ಸೌರಭ್ ಸಿಂಗ್ ಮೊದಲಾದವರ ಈ ತೆಪ್ಪ. ನೆಲದ ಮೇಲಿಟ್ಟ ಆಂಟೆನಾದ ಕೆಳಗೆ ಮಣ್ಣು, ಕಲ್ಲು, ತೇವ ಎಂದು ಪದರಗಳಿರುತ್ತವೆ. ಅಲೆಗಳು ಅವುಗಳಿಗೆ ತಾಗಿ ಹಿಂದಿರುಗಿ, ಇಲ್ಲದ ತಗ್ಗುದಿಣ್ಣೆಗಳನ್ನು ಕಲ್ಪಿಸಬಲ್ಲವು. ಆಳವಾದ ನೀರು ಎಲ್ಲೆಡೆಯೂ ಒಂದೇ. ಅದರ ವರ್ತನೆಯನ್ನು ಲೆಕ್ಕದಲ್ಲಿ ಹಿಡಿಯಬಹುದು. ಊರುಗಳಿಲ್ಲದ್ದರಿಂದ ರೇಡಿಯೋ ಗದ್ದಲವೂ ಕಡಿಮೆ. ಯಂತ್ರದ ಹೆಸರು ‘ಸರಸ್’. ಅದು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಹೆಸರು. ಮೊದಲೆರಡು ‘ಸರಸ್’ಗಳು ಕೆಲಸಮಾಡಿದ್ದು ಒಣನೆಲದ ಮೇಲೆ. ಸಂಸ್ಕೃತದಲ್ಲಿ ಸರಸ್ ಎಂದರೆ ಸರೋವರವೇ. ಮೂರನೆಯದು ನೀರಿಗಿಳಿದು ತನ್ನ ಹೆಸರನ್ನು ಅನ್ವರ್ಥಮಾಡಿಕೊಂಡಿತು. ನೀರಿನ ಮೇಲೆ ಕುಳಿತು ಜಲಜನಕವನ್ನು ಕೇಳುವುದೆಂದರೆ ನಮ್ಮಂತಹ ಶಬ್ದಪ್ರಿಯರಿಗೆ ಇನ್ನೂ ಒಂದು ಸಂತೋಷ.

ಶರಾವತಿಯಲ್ಲಿ ಸಿಕ್ಕಿದ್ದೇನು? ಏನೂ ಸಿಕ್ಕಲಿಲ್ಲ. ಆಸ್ಟ್ರೇಲಿಯದವರು ಹೇಳಿದ ತಗ್ಗು ಅಲ್ಲಿರಲಿಲ್ಲ. ೨೦೨೨ರ ಫೆಬ್ರವರಿಯಲ್ಲಿ ಪ್ರಕಟವಾದ ಲೇಖನದಲ್ಲಿ, ಶೇಕಡ ೯೫.೩ರಷ್ಟು ನಿಶ್ಚಯದಿಂದ ಅದು ಆಕಾಶದ್ದಲ್ಲವೆಂದು ಅವರು ಹೇಳಿದರು.

ದುಡಿದು ದುಡಿದು ಇಲ್ಲವೆಂಬುದನ್ನು ತಂದರೇ ಎಂದು ಮನೆಯಲ್ಲಿ ಯಾರಾದರೂ ಕೇಳಬಹುದು. ಇದಕ್ಕೆ ನಮ್ಮ ಮೀಮಾಂಸಕರಲ್ಲಿ ಒಳ್ಳೆಯ ಉತ್ತರವಿದೆ. ಕುಮಾರಿಲಭಟ್ಟರ ಪಂಥದವರು ಪ್ರತ್ಯಕ್ಷ, ಅನುಮಾನಾದಿಗಳ ಜೊತೆಗೆ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ. ಕಾಣದಿರುವುದರಿಂದಲೇ ವಸ್ತುವಿಲ್ಲವೆಂಬ ತಿಳಿವಳಿಕೆ ಬರುತ್ತದೆ. ಆದರೆ ಒಂದು ನಿಯಮವುಂಟು: ಇದ್ದಿದ್ದರೆ ಕಾಣಲೇಬೇಕಾಗಿದ್ದ ಸನ್ನಿವೇಶ ಬೇಕು. ಹಗಲು ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಇದನ್ನೇ ಯೋಗ್ಯಾನುಪಲಬ್ಧಿ ಎಂದರು. ತೆಪ್ಪ, ಶಂಕು, ಆಳವಾದ ನೀರು ಇಷ್ಟೆಲ್ಲ ಏರ್ಪಾಡು ಆ ‘ಯೋಗ್ಯ’ ಎಂಬ ವಿಶೇಷಣವನ್ನು ಸಂಪಾದಿಸುವುದಕ್ಕಾಗಿ. ಕಂಡೆನೆಂದವನಿಗೆ ಒಮ್ಮೆ ಕಂಡರೆ ಸಾಕು. ಇಲ್ಲವೆನ್ನುವವನು ತನ್ನ ಕಣ್ಣನ್ನು ಮೊದಲು ಪರೀಕ್ಷೆಗೊಡ್ಡಬೇಕು.

ಆ ‘ಇಲ್ಲ’ ಬರಿದಾಗಿಯೂ ಉಳಿಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕೇಂಬ್ರಿಜ್ಜಿನವರೊಡನೆ ಸೇರಿ ಅದೇ ಅಳತೆಗಳಿಂದ ಇನ್ನೊಂದು ವಿಚಾರವನ್ನು ತೆಗೆದರು. ವಿಶ್ವಕ್ಕೆ ಇಪ್ಪತ್ತು ಕೋಟಿ ವರ್ಷವಾಗಿದ್ದಾಗ ಗ್ಯಾಲಕ್ಸಿಗಳು ರೇಡಿಯೋ ಅಲೆಗಳಲ್ಲಿ ಅತ್ಯುಜ್ಜ್ವಲವಾಗಿದ್ದು ಸುತ್ತಲಿನ ಅನಿಲವನ್ನು ಕಾಯಿಸದೆ ಇದ್ದಿದ್ದರೆ ತಗ್ಗು ಕಾಣಲೇಬೇಕಿತ್ತು. ಆದುದರಿಂದ ಅಂತಹ ಸ್ವಭಾವದವು ಇದ್ದಿರಲಾರವು. ೨೦೨೧ರ ಡಿಸೆಂಬರಿನಲ್ಲಿ ಗಗನಕ್ಕೇರಿದ ವೆಬ್ ದೂರದರ್ಶಕವು ವಿಶ್ವದ ಮೊದಲ ಮೂವತ್ತು ಕೋಟಿ ವರ್ಷಗಳ ಆಸುಪಾಸಿನ ಗ್ಯಾಲಕ್ಸಿಗಳನ್ನು, ನಿರೀಕ್ಷೆಗಿಂತ ಪ್ರಕಾಶಮಾನವಾದವನ್ನು, ತೋರಿಸಿದೆ. ಅದಕ್ಕೂ ಹಿಂದಿನದನ್ನು ತಿಳಿಯಲು ಜಲಜನಕದ ಸಾಕ್ಷಿ ಬೇಕು. ನಿಜವಾದ ತಗ್ಗು ಇನ್ನೂ ಕೈಗೆ ಸಿಕ್ಕಿಲ್ಲ.

ನಾವು ಕುಳಿತಿದ್ದಂತೆಯೇ ಸೇತುವೆಯ ಮೇಲೆ ವಾಹನಗಳ ಸಾಲು ಬೆಳೆಯಿತು. ಪಕ್ಕದಲ್ಲಿದ್ದ ತರುಣನ ಮೊಬೈಲಿನಿಂದ ಭಕ್ತಿಗೀತೆ ಹೊರಟಿತು. ಎಷ್ಟು ದೂರದ ಹಿನ್ನೀರಾದರೂ, ಹಾರುವ ವಿಮಾನಕ್ಕೆ ತಾಗಿ ಬೀಳುವ ಎಫ್.ಎಂ. ಅಲೆಗಳನ್ನು ತಡೆಯುವಂತಿಲ್ಲ. ಅದಕ್ಕಾಗಿಯೇ ರಾಮನ್ ಮಂದಿರದವರು ಚಂದ್ರನನ್ನು ಸುತ್ತುವ ಯಂತ್ರವೊಂದನ್ನು ಯೋಚಿಸಿದ್ದಾರೆ. ಹೆಸರು ‘ಪ್ರತುಷ್’, ಉಷಃಕಾಲವೆಂಬರ್ಥದ ಪ್ರತ್ಯೂಷವನ್ನು, ಅಕ್ಷರಗಳ ಲೆಕ್ಕ ಸರಿಹೊಂದಲೆಂದು, ಯಕಾರವನ್ನು ಬಿಟ್ಟು ಬರೆದದ್ದೆಂದು ತೋರುತ್ತದೆ. ವ್ಯಾಕರಣದವರು ಮೂಗು ಮುರಿಯಬಹುದು. ಚಂದ್ರನ ಆಚೆಯ ಮಗ್ಗುಲಿಗೆ ಸರಿದಾಗ ಅದಕ್ಕೂ ಭೂಮಿಗೂ ನಡುವೆ ಚಂದ್ರನ ಇಡೀ ಗೋಲವೇ ಗೋಡೆಯಾಗಿ ನಿಲ್ಲುತ್ತದೆ. ಆಗ ಅದು ಆಲಿಸತೊಡಗುತ್ತದೆ.